ಬಾಯಿ ಜಜ್ಜಿದ ತೋಟಾ

ಏಪ್ರಿಲ್ 14, ಸೋಮವಾರ, ಬೆಳಗ್ಗೆ 9.10ಕ್ಕೆ ಸಿಗ್ನೆ ಟ್ವೈಟ್ ಶೆರಿಫ್ ಕಚೇರಿಗೆ ಬಂದು ದೂರು ಬರೆಸಿದಳು. ತೀರಿಹೋದ ತಂದೆ ಆರ್ವಿಲ್‌ನ ಬಂದೂಕು ವರ್ಕ್‌ಶಾಪಿನಿಂದ ಬೆರಳುದ್ದದ ಒಂದು ಉಕ್ಕಿನ ರೀಮರ್ ಕಳುವಾಗಿತ್ತು. ಬೀಗ ಒಡೆದಿರಲಿಲ್ಲ.

ಶೆರಿಫ್ ಮೆರ್ಲ್ ಸ್ಕಾರ್ ಪೆನ್ನು ಕೆಳಗಿಟ್ಟ. "ಗೋಡೆ ಮೇಲಿನ ಹದಿನಾರು ಬಂದೂಕು ಬಿಟ್ಟು ಕಳ್ಳ ಕೊರೆಯೋ ಕಡ್ಡಿ ಕದ್ದನಾ?"

"ಕಡ್ಡಿ ಅಲ್ಲ ಶೆರಿಫ್. ಅಪ್ಪ ಹುಟ್ಟಿಸಿದ ಟ್ವೈಟ್ 25 ತೋಟಾ ಕೂರೋಕೆ ನಳಿಗೇಲಿ ಗೂಡು ಕೊರೆಯೋದು ಅದೊಂದೇ. ಪ್ರಪಂಚದಲ್ಲೇ ಇನ್ನೊಂದಿಲ್ಲ. ಶುಕ್ರವಾರ ತೋಟಾ ಕಂಪನಿಯೋರು ಕೊಳ್ಳೋಕೆ ಬರ್ತಾರೆ, ಅದನ್ನ ಅವರಿಗೆ ಕೊಟ್ಟು ರುಜು ಹಾಕ್ಬೇಕು."

ಮೊಂಟಾನಾದ ನಮ್ಮ ಮೂಲೆಯಲ್ಲಿ ತಮ್ಮದೇ ಆಕಾರದ ತೋಟಾ ಹುಟ್ಟಿಸಿದವರು ಕೌಂಟಿಗೊಬ್ಬರು ಸಿಕ್ಕರೆ ಹೆಚ್ಚು. ಟ್ವೈಟ್ 25 ನಮ್ಮದು. ಹೆಮ್ಮೆ ಇದೆ, ಮುಚ್ಚಿಡುವುದೇಕೆ?

ಏಪ್ರಿಲ್ 16, ಮಧ್ಯಾಹ್ನ 3.40. ಗುರಿ ಅಭ್ಯಾಸದ ಬಯಲಿನ ಕಸದ ಡಬ್ಬಿಯಲ್ಲಿ ಡೆಪ್ಯುಟಿ ಕೋರಾ ಡನ್‌ವುಡಿಗೆ ಒಂದು ಖಾಲಿ ತೋಟಾ ಸಿಕ್ಕಿತು. ಕತ್ತು ಸೀಳಿತ್ತು, ಬಾಯಿಯನ್ನು ಇಕ್ಕಳದಿಂದ ಜಜ್ಜಲಾಗಿತ್ತು. ಅಲ್ಲಾಡಿಸಿದಾಗ ಒಳಗಿಂದ ಕಂದಿದ ರವೆಯ ಕಾಳು ಉದುರಿದವು.

ರವೆ ಕಂಡು ನಮ್ಮವರು ಯಾರೂ ಬೆರಗಾಗುವುದಿಲ್ಲ. ಅಂಗಡಿಯ ತೋಟಾಕ್ಕೆ ಗುಂಡಿಡದೆ, ಮದ್ದಿನ ಮೇಲೆ ಗಂಜಿಯ ರವೆ ತುಂಬಿ, ಹೊಸ ಗೂಡಿನಲ್ಲಿಟ್ಟು ಹಾರಿಸುತ್ತಾರೆ. ಹಿತ್ತಾಳೆ ಉಬ್ಬಿ ಆ ಗೂಡಿನ ಆಕಾರವನ್ನೇ ತಾಳುತ್ತದೆ.

ಸಿಗ್ನೆ ಅದನ್ನು ತಂದೆಯ ತೋಟಾದ ಪಕ್ಕದಲ್ಲಿಟ್ಟು ಅಳತೆ ಹಿಡಿದಳು.

"ಕತ್ತಿನ ಕೆಳಗಿನ ಈ ಹೆಗಲಿನ ಓರೆ ಕೂದಲೆಳೆಯಷ್ಟೂ ಬೇರೆ ಇಲ್ಲ. ಆದ್ರೆ ಬುಡದ ಮುದ್ರೆ ಹೊಸದು, ಇದು ಅಪ್ಪಂದಲ್ಲ. ಯಾರೋ ಆ ರೀಮರ್ ಹಾಕಿ ಹೊಸ ನಳಿಗೆ ಕೊರೆದಿದಾರೆ."

"ಸೀಳಿದ್ದನ್ನ ಎಲ್ಲರೂ ಹಾಗೇ ಬಿಸಾಕ್ತಾರೆ," ಎಂದಳು ಕೋರಾ. "ಬಾಯಿ ಯಾಕೆ ಜಜ್ಜಿದಾರೆ?"

"ಯಾರಾದ್ರೂ ಹೆಕ್ಕಿ, ಮದ್ದು ತುಂಬಿಸಿ, ಮುಖ ಸುಟ್ಕೋಬಾರ್ದು ಅಂತ."

"ಯಾರ ಅಭ್ಯಾಸ ಇದು?"

ಸಿಗ್ನೆ ತೋಟಾವನ್ನು ಮೇಜಿನ ಮೇಲಿಟ್ಟಳು. "ಎಲ್‌ವುಡ್ ಅಂಕಲ್‌ದು. ಹೀಗೆ ಜಜ್ಜಿ ಬಿಸಾಕು ಅಂತ ಅಪ್ಪನಿಗೆ ಬೈದು ಬೈದು ಸಾಕಾಗಿದ್ರು. ಕೀಲಿ ಎಲ್ಲಿರತ್ತೆ ಅಂತಾನೂ ಅವರಿಗೆ ಗೊತ್ತು."

ಎಲ್‌ವುಡ್ ಪ್ರ್ಯಾಕ್, ವಯಸ್ಸು 78. ಆರ್ವಿಲ್‌ನ ಮೇಜಿನ ಪಕ್ಕದಲ್ಲಿ ಮೂವತ್ತೊಂದು ವರ್ಷ ಕೆಲಸ ಮಾಡಿದವನು.

ಏಪ್ರಿಲ್ 17, ಬೆಳಗ್ಗೆ 10.25. ಶೆರಿಫ್ ಮತ್ತು ಕೋರಾ ಶೋಧನಾ ವಾರಂಟ್ ಹಿಡಿದು ಅವನ ಬಾಗಿಲು ತಟ್ಟಿದರು.

"ಕಾಲು ಒರೆಸ್ಕೊಂಡು ಬನ್ನಿ," ಎಂದ ಎಲ್‌ವುಡ್. "ಕಾಫಿ ಇದೆ."

ಅಡಗಿಸಿಟ್ಟದ್ದು ಏನೂ ಇರಲಿಲ್ಲ. ಎಣ್ಣೆ ಬಟ್ಟೆಯಲ್ಲಿ ರೀಮರ್, ಪಕ್ಕದಲ್ಲಿ ಒಂದು ರೈಫಲ್, ಸಾಲಾಗಿ ನಿಲ್ಲಿಸಿದ ಮೂವತ್ತೊಂಬತ್ತು ಖಾಲಿ ತೋಟಾ.

"ನೀವೇ ತಗೊಂಡ್ರಾ?" ಶೆರಿಫ್ ಕೇಳಿದ.

"ಹೌದು. ಐದನೇ ತಾರೀಕು, ಹಾಡುಹಗಲು."

"ಸಿಗ್ನೆನ ಕೇಳಿದ್ರೆ ಕೊಡ್ತಿರ್ಲಿಲ್ವಾ?"

"ಕಂಪನಿ ಕಾಗದ ತೋರ್ಸಿದ್ಳು. ತೋಟಾಗೆ ಕಂಪನಿ ಹೆಸರೇ ಇಡ್ತಾರಂತೆ, ಆಮೇಲೆ ಇಲ್ಲಿ ಯಾರೂ ಕೊರೆಯೋ ಹಾಗಿಲ್ಲ. ಅದರಲ್ಲಿ ಅವಳಪ್ಪನ ಕೆಲಸದ ಬಗ್ಗೆ ಎರಡು ಪುಟ ಇತ್ತು. ನನ್ನ ಹೆಸರು ಒಂದು ಕಡೆನೂ ಇರ್ಲಿಲ್ಲ. ಆಮೇಲೆ ಕೈಯೊಡ್ಡೋಕೆ ಮನಸ್ಸಾಗ್ಲಿಲ್ಲ."

"ಕಳ್ಳನಿಗೊಂದು ಪಿಳ್ಳೆ ನೆವ ಅಂತಾರೆ, ಎಲ್‌ವುಡ್."

"ನೆವ ಅಲ್ಲ. ಕದ್ದಿದೀನಿ, ಬರ್ಕೊಳಿ. ಆರ್ವಿಲ್ ನಳಿಗೆ ಕೊರೆದ. ಆ ಹೆಗಲಿನ ಓರೆ ನಂದು. ಹನ್ನೊಂದು ವರ್ಷ ಹಿಡೀತು."

ಶೆರಿಫ್ ಜೇಬಿನಿಂದ ಜಜ್ಜಿದ ತೋಟಾ ತೆಗೆದು ಮೇಜಿನ ಮೇಲಿಟ್ಟ. "ಇದನ್ನ ಜಜ್ಜದೆ ಬಿಸಾಕಿದ್ರೆ ನಾವು ನಿಮ್ಮ ಮನೆಗೆ ಬರ್ತಾನೇ ಇರ್ಲಿಲ್ಲ."

"ಯಾರಾದ್ರೂ ತುಂಬಿಸಿದ್ರೆ? ನಾನು ಮಾಡಿದ ಹಿತ್ತಾಳೆಗೆ ನಾನೇ ಜವಾಬ್ದಾರಿ."

ಕೋರಾ ಪಂಚನಾಮೆ ಬರೆಯಲು ಕೂತಳು. ಒಂದು, ರೀಮರ್. ಎರಡು, ರೈಫಲ್. ನಳಿಗೆಯ ಮೇಲಿನ ಕೆತ್ತನೆ ಓದಲು ಅದನ್ನು ಕಿಟಕಿಯ ಬೆಳಕಿಗೆ ಹಿಡಿದಳು: 'ಟ್ವೈಟ್–ಪ್ರ್ಯಾಕ್ 25'.

"ದೂರಿನಲ್ಲಿ ಟ್ವೈಟ್ 25 ಅಂತಿದೆ. ಯಾವುದು ಬರೀಲಿ?"

"ಕಂಡದ್ದನ್ನೇ ಬರಿ," ಎಂದ ಶೆರಿಫ್.

ಎಲ್‌ವುಡ್ ಅದನ್ನು ಓದಿ ಹೇಳಲು ಕೇಳಿಕೊಂಡ. ಕೋರಾ ಓದಿದಳು. ಇನ್ನೊಂದು ಸಲ ಓದಿಸಿ, ಬೆನ್ನು ನೆಟ್ಟಗೆ ಮಾಡಿಕೊಂಡು ರುಜು ಹಾಕಿದ. 10.55ಕ್ಕೆ ಬಂಧನ. ಬೇಡಿ ಹಾಕಲಿಲ್ಲ; ಹೊರಡುವ ಮೊದಲು ಅವನು ಒಲೆ ಆರಿಸಿದ.

ಆ ರೈಫಲ್‌ನಿಂದ ಒಂದು ಗುಂಡೂ ಹಾರಿರಲಿಲ್ಲ ಎಂದು ಪರೀಕ್ಷೆಯಲ್ಲಿ ತಿಳಿಯಿತು. ಹಾರಿದ್ದೆಲ್ಲ ರವೆ. ಬೇಟೆಗೂ ಅಲ್ಲ, ಮಾರುವುದಕ್ಕೂ ಅಲ್ಲ. ತನ್ನ ಕೆಲಸದ ಮೇಲೆ ತನ್ನ ಹೆಸರನ್ನು ಒಂದು ಸಲ ನೋಡಬೇಕೆಂಬುದು ಅವನ ಆಸೆಯಾಗಿತ್ತು. ಅಲ್ಲೂ ಗೆಳೆಯನ ಹೆಸರನ್ನೇ ಮುಂದೆ ಇಟ್ಟಿದ್ದ.

ಶುಕ್ರವಾರ ಬೆಳಗ್ಗೆ ಸಿಗ್ನೆ ಕಚೇರಿಗೆ ಬಂದು ಪಂಚನಾಮೆಯ ಪ್ರತಿ ಕೇಳಿ ಪಡೆದಳು. ಕಂಪನಿಯವನ ಮುಂದೆ ಅದನ್ನಿಟ್ಟು, ಎರಡನೇ ಸಾಲಿನ ಮೇಲೆ ಬೆರಳಿಟ್ಟಳು.

"ಹೆಸರು ಹೀಗೆ ಬರೆದ್ರೆ ರುಜು ಹಾಕ್ತೀನಿ."