ಏಟು ಬೀಳದ ಕಡೆಯ ಬಿರುಕು

ಒಡೆದ ಕನ್ನಡಕವನ್ನು ಮೇಜಿನ ಮೇಲಿಟ್ಟ ಜುವೇರಿಯಾ ಕುರ್ಚಿಯಲ್ಲಿ ಕೂರಲೂ ಇಲ್ಲ. "ಮೇಡಂ, ಇದು ಹೇಗೆ ಒಡೀತು ಅಂತ ಇವತ್ತು ಸಂಜೆಯೊಳಗೆ ಗೊತ್ತಾಗ್ಲಿಲ್ಲಾಂದ್ರೆ ನನ್ನ ಮೈದಾನ ಹೋಯ್ತು."

ಕೋಲಾರದ ಆ ಮನೆಗೆ ಇಂಥ ಮಾತು ಹೊಸದಲ್ಲ. ಭೌತವಿಜ್ಞಾನದ ನಿವೃತ್ತ ಅಧ್ಯಾಪಕಿ ಶೋಭಾರಾಣಿಯವರನ್ನು ಹುಡುಕಿಕೊಂಡು ಎಲ್ಲಿಯೂ ಬಿಡಿಸಲಾಗದ ಗೋಜಲುಗಳು ಬರುತ್ತಿದ್ದವು. ಅವರ ಹಳೆಯ ಶಿಷ್ಯೆ ಪರ್ವೀನ್ ಅದೇ ಮನೆಯ ಮಹಡಿಯಲ್ಲಿದ್ದಳು. ಎಷ್ಟೋ ಗೋಜಲುಗಳು ಬಿಡಿಸಿಕೊಂಡದ್ದನ್ನು ಪಕ್ಕದಲ್ಲೇ ಕೂತು ನೋಡಿದ್ದರೂ ಅವಳ ಬೆರಗು ಮಾತ್ರ ತಗ್ಗಿರಲಿಲ್ಲ.

ಜುವೇರಿಯಾ ಗೌನಿಪಲ್ಲಿಯ ಸುಬ್ಬರಾಯಪ್ಪನವರ ಮಾವಿನ ತೋಪಿನಲ್ಲಿ, ಕಾಯಿ ಇಳಿಸಿದ ಮೇಲೆ, ಏರ್‌ಸಾಫ್ಟ್ ಆಟ ಆಡಿಸುತ್ತಿದ್ದಳು. ಗನ್ನು ನೋಡಲು ನಿಜದ್ದರಂತೆ. ಒಳಗಿರುವುದು ಬಟಾಣಿಗಿಂತ ತುಸು ಚಿಕ್ಕ ಪ್ಲಾಸ್ಟಿಕ್ ಗುಂಡು. ಬಟ್ಟೆಯ ಮೇಲೆ ಬಿದ್ದರೆ ಚುರುಕು, ಕಣ್ಣಿಗೆ ಬಿದ್ದರೆ ಕುರುಡು. ಅದಕ್ಕೇ ಹೊಸಬರಿಗೆ ಅವಳು ಮೊದಲು ಕನ್ನಡಕ ಆರಿಸಿಕೊಡುತ್ತಿದ್ದಳು. ದುಬಾರಿ ಗನ್ನು ಕೇಳಿದವರಿಗೆ, "ಮೊದಲು ಬಾಡಿಗೆದು ಹಿಡಿದು ಆಡಿ, ಕೈ ಏನು ಕೇಳುತ್ತೆ ನೋಡಿ," ಎಂದು ಸಾದಾ ಸ್ಪ್ರಿಂಗ್ ಗನ್ನು ಕೊಟ್ಟು ಕಳಿಸುತ್ತಿದ್ದಳು.

ಹಿಂದಿನ ದಿನ ಸುಬ್ಬರಾಯಪ್ಪನವರ ಮಗಳು ರಂಜಿತ ಮೊದಲ ಸಲ ಆಟಕ್ಕಿಳಿದಿದ್ದಳು. ಪಳಗಿದ ಆಟಗಾರ ಅಫ್ಸರ್ ಹೊಡೆದ ಗುಂಡು ಕನ್ನಡಕದ ಬಲಗಡೆಗೆ ತಗುಲಿತು, ಕನ್ನಡಕ ಸಿಡಿಯಿತು. ಹುಬ್ಬು ಸೀಳಿತು, ಕಣ್ಣು ಹೇಗೋ ಉಳಿಯಿತು.

"ಕನ್ನಡಕ ನನ್ನ ಅಂಗಡೀದೇ. ಅವಳ ಅಣ್ಣ ಅಮರನಾಥ್ ಹೋದ ತಿಂಗಳು ಕೊಂಡಿದ್ದು. ಈಗ ನಕಲಿ ಮಾಲು ಕೊಟ್ಟೆ ಅಂತ ಕೂಗಾಡ್ತಾವ್ನೆ. ಗುಂಡು ಜೋರಾಗಿ ಹೋಗ್ಲಿ ಅಂತ ಅಫ್ಸರ್ ಗನ್ನಿಗೆ ಬಿಗಿ ಸ್ಪ್ರಿಂಗ್ ಹಾಕ್ಸವ್ನೆ ಅಂತಾರೆ ಇನ್ನು ಕೆಲವರು. ಅವರಪ್ಪ, ಸಂಜೆಗೆ ತೋಪು ಖಾಲಿ ಮಾಡು ಅಂದ್ಬಿಟ್ರು."

"ನಕಲಿ ಇರಬಹುದಾ?" ಎಂದಳು ಪರ್ವೀನ್.

"ತೌಬಾ ಆಪಾ! ಗಿರಾಕಿ ಎದುರಲ್ಲೇ ಪ್ರತಿ ಕನ್ನಡಕಕ್ಕೂ ಗುಂಡು ಹೊಡೆದು ಕೊಡ್ತೀನಿ. ಇದರ ಎಡ ಮೂಲೇಲಿ ಚುಕ್ಕೆ ಐತಲ್ಲ, ನಾನು ಹೊಡೆದಿದ್ದೇ."

ಶೋಭಾರಾಣಿ ಭೂತಗನ್ನಡಿಯನ್ನು ಪರ್ವೀನಳ ಕೈಗಿತ್ತರು. "ಬಿರುಕು ಎಲ್ಲಿಂದ ಶುರುವಾಗಿದೆ ನೋಡು."

ಪರ್ವೀನ್ ನೋಡಿದಳು. ಚುಕ್ಕೆಯ ಸುತ್ತ ಒಂದು ಗೆರೆಯೂ ಇರಲಿಲ್ಲ. ಆದರೆ ಗುಂಡು ತಗುಲದ ಆ ಎಡಗಡೆಯಲ್ಲೂ, ಚೌಕಟ್ಟು ಬಿಗಿ ಹಿಡಿದ ಅಂಚಿನಿಂದ ಕೂದಲಿನಂಥ ಗೆರೆಗಳು ಒಳಗೆ ಹಬ್ಬಿದ್ದವು. ಎಲಾಸ್ಟಿಕ್ ಪಟ್ಟಿಯಲ್ಲಿ ಕಪ್ಪು ಕಲೆ. ಬಕಲು ಈಗಿರುವ ಜಾಗಕ್ಕಿಂತ ಎರಡು ಬೆರಳು ಆಚೆ, ಪಟ್ಟಿಯ ಮೇಲೆ ಹಳೆಯ ಮಡಿಕೆಯ ಗುರುತು.

"ಸಾಕು. ಗೌನಿಪಲ್ಲಿಗೆ ನಡೀರಿ," ಎಂದರು ಶೋಭಾರಾಣಿ.

ತೋಪಿನಲ್ಲಿ ಅವರು ಮೊದಲು ಕೇಳಿದ್ದು ಅಫ್ಸರನ ಗನ್ನು. ಗುಂಡಿನ ವೇಗ ಅಳೆಯುವ ಜುವೇರಿಯಾಳ ಪೆಟ್ಟಿಗೆಯೆದುರು ಹೊಡೆಸಿ ನೋಡಿದರೆ ವೇಗ ಮಿತಿಯೊಳಗೇ ಇತ್ತು.

"ನೋಡ್ಕೊಳ್ಳಿ! ರಾತ್ರಿಯೆಲ್ಲಾ ನನ್ನ ಕಸಾಯಿ ಅಂದ್ರಲ್ಲ," ಎಂದ ಅಫ್ಸರ್.

ಅಮರನಾಥ್ ಕೈಕಟ್ಟಿ ನಿಂತಿದ್ದ. ಕತ್ತಿನ ಮೇಲೆ ಸುಟ್ಟಂಥ ಕಪ್ಪು ಮಚ್ಚೆಗಳು. "ಹಂಗಾದ್ರೆ ಮಾಲೇ ಕೆಟ್ಟದ್ದು. ಡಬ್ಬಿ ಒಡೆದಿದ್ದು ನಿನ್ನೆ ಬೆಳಿಗ್ಗೆ, ಹೊಚ್ಚ ಹೊಸದು."

"ಕತ್ತಿಗೇನಾಯ್ತಪ್ಪ?" ಎಂದರು ಶೋಭಾರಾಣಿ.

"ಮಾವಿನ ಸೊನೆ ಮೇಡಂ. ಈ ಸಲ ಮರ ಹತ್ತಿ ಕಾಯಿ ಇಳಿಸಿದ್ದು ನಾನೇ."

"ಕಣ್ಣಿಗೆ ಬೀಳಲಿಲ್ಲವಾ?"

"ಇಲ್ಲ," ಎಂದು ಅವನು ಬೇರೆ ಕಡೆ ನೋಡಿದ.

ಶೋಭಾರಾಣಿ ಸುಬ್ಬರಾಯಪ್ಪನವರತ್ತ ತಿರುಗಿದರು. "ಸೊನೆ ಅಂಟಿದ್ರೆ ಹೇಗೆ ತೆಗೀತೀರಿ?"

"ನೀರಿಗೆಲ್ಲಿ ಹೋಗುತ್ತಮ್ಮ? ಮುಂಚೆ ಸೀಮೆಎಣ್ಣೆ. ಈಗ ಬೈಕಿಂದ ಒಂಚೂರು ಪೆಟ್ರೋಲು. ಕೈಯಾಗ್ಲಿ, ಕತ್ತಿಯಾಗ್ಲಿ, ಒರೆಸಿದ್ರೆ ಲಕಲಕ."

ಸಂಜೆ ಎಲ್ಲರೂ ತೋಪಿನ ಶೆಡ್ಡಿನಲ್ಲಿ ಸೇರಿದರು. ಹುಬ್ಬಿಗೆ ಪಟ್ಟಿ ಕಟ್ಟಿಸಿಕೊಂಡ ರಂಜಿತಳೂ ಬಂದು ಕೂತಳು. ಜುವೇರಿಯಾಳ ಅಂಗಡಿಯ ಎರಡು ಹೊಸ ಕನ್ನಡಕಗಳ ಪಾರದರ್ಶಕ ಪ್ಲಾಸ್ಟಿಕ್ ಹಾಳೆಗಳನ್ನು ಚೌಕಟ್ಟಿನಿಂದ ಬಿಚ್ಚಿಸಿ, ಎರಡನ್ನೂ ಬಿಲ್ಲಿನಂತೆ ಬಗ್ಗಿಸಿ ಶೋಭಾರಾಣಿ ದಾರದಿಂದ ಕಟ್ಟಿದರು. ಒಂದರ ಬೆನ್ನಿಗೆ ಸೋಪುನೀರು, ಇನ್ನೊಂದಕ್ಕೆ ಪೆಟ್ರೋಲ್ ಸವರಿದರು. ಸ್ವಲ್ಪ ಹೊತ್ತಿನಲ್ಲೇ ಟಕ್ ಎಂಬ ಸದ್ದು. ಪೆಟ್ರೋಲ್ ಸವರಿದ ಹಾಳೆಯ ತುಂಬ ಕೂದಲ ಗೆರೆಗಳೆದ್ದು ಅದು ಎರಡಾಯಿತು. ಇನ್ನೊಂದು ಬಗ್ಗಿಯೇ ಇತ್ತು.

"ಈ ಪ್ಲಾಸ್ಟಿಕ್ ಸುತ್ತಿಗೆ ಏಟನ್ನೂ ತಡೆಯುತ್ತೆ," ಎಂದರು ಶೋಭಾರಾಣಿ. "ಆದರೆ ಚೌಕಟ್ಟಿನ ಬಿಗಿತದಲ್ಲಿ ಇರುವಾಗ ಪೆಟ್ರೋಲ್ ತಾಕಿದರೆ ಅಂಚಿನಿಂದ ಸೀಳುತ್ತೆ. ಗುಂಡಿನ ಏಟಿಗೇ ಒಡೆದಿದ್ದರೆ ಬಿರುಕು ಏಟಿನ ಸುತ್ತ ಇರಬೇಕಿತ್ತು. ಏಟು ಬೀಳದ ಕಡೆಯಲ್ಲೂ ಇದೆ, ಅಂದರೆ ಕನ್ನಡಕ ಆಟಕ್ಕೆ ಮೊದಲೇ ಸತ್ತಿತ್ತು. ಜುವೇರಿಯಾ ಹೊಡೆದ ಚುಕ್ಕೆಯ ಸುತ್ತ ಗೆರೆಯಿಲ್ಲ, ಹಾಗಾಗಿ ಕೊಟ್ಟ ದಿನ ಅದು ಗಟ್ಟಿಯಾಗಿತ್ತು. ನಡುವೆ ಯಾರೋ ದೊಡ್ಡ ತಲೆಯವರು ಬಹಳ ಹೊತ್ತು ಹಾಕಿಕೊಂಡಿದ್ದಾರೆ. ಪಟ್ಟಿಯ ಮಡಿಕೆ ಹೇಳುತ್ತೆ. ಕಪ್ಪು ಕಲೆ ಸೊನೆಯದು. ಈ ಸಲ ಮರ ಹತ್ತಿದವನು ಒಬ್ಬನೇ. ಕತ್ತೆಲ್ಲಾ ಸುಟ್ಟು, ಕಣ್ಣಿಗೆ ಮಾತ್ರ ಒಂದು ಹನಿಯೂ ಬೀಳದವನು."

ಎಲ್ಲರ ನೋಟ ಅಮರನಾಥನ ಮೇಲೆ ನಿಂತಿತು.

"ಏಮಿರಾ, ಏನೋ ಇದು?" ಎಂದರು ಸುಬ್ಬರಾಯಪ್ಪ.

"ಅವಳಿಗೆ ಅಂತಾನೇ ತಂದಿದ್ದು ಅಪ್ಪಾ," ಎಂದ ಅಮರನಾಥ್. "ಕಾಯಿ ಇಳಿಸುವಾಗ ಹಾಕ್ಕೊಂಡೆ. ಸೊನೆ ಆಗೋಯ್ತು. ಹೊಸದರಂಗೆ ಕಾಣ್ಲಿ ಅಂತ ಚೆನ್ನಾಗಿ ಒರೆಸಿ ಡಬ್ಬಿಗೆ ಹಾಕ್ಬಿಟ್ಟೆ. ಹಳೇದು ಕೊಟ್ಟೆ ಅಂತಾಳೆ ಅಂತ ಸುಳ್ಳು ಹೇಳ್ದೆ. ಪೆಟ್ರೋಲಿಂದ ಹಿಂಗಾಗುತ್ತೆ ಅಂತ ದೇವ್ರಾಣೆ ಗೊತ್ತಿರ್ಲಿಲ್ಲ."

"ಲೇ ಅಣ್ಣಾ, ಹಳೇದು ಅಂತ ಹೇಳಿದ್ರೆ ಎರಡು ಮಾತು ಬೈತಿದ್ದೆ ಕಣೋ," ಎಂದಳು ರಂಜಿತ. "ಕಣ್ಣೇ ಹೋಗಿದ್ರೆ ಯಾವ ಬಾಯಲ್ಲಿ ಬೈಲಿ?"

ಅವನು ಜುವೇರಿಯಾಳ ಎದುರು ಬಂದು ತಲೆ ತಗ್ಗಿಸಿದ. "ನಕಲಿ ಅಂದಿದ್ದು ತಪ್ಪಾಯ್ತು ಅಕ್ಕ."

"ನಿಂದೂ ಒಂದು ತಪ್ಪಿದೆ ಜುವೇರಿಯಾ," ಎಂದರು ಶೋಭಾರಾಣಿ. "ಹೇಗೆ ಆರಿಸಬೇಕು ಅಂತ ಎಲ್ಲರಿಗೂ ಹೇಳ್ತೀಯ. ಹೇಗೆ ತೊಳೆಯಬೇಕು ಅಂತ ಯಾರಿಗಾದರೂ ಹೇಳಿದ್ದೀಯಾ?"

ಜುವೇರಿಯಾ ಇಲ್ಲವೆಂದು ತಲೆಯಾಡಿಸಿದಳು. ಗೆದ್ದವರಿಗೂ ರಿಯಾಯಿತಿ ಕೊಡದ ಈ ಗುಣಕ್ಕೇ ಪರ್ವೀನ್ ಅವರನ್ನು ಎಲ್ಲಕ್ಕಿಂತ ಮೆಚ್ಚಿಕೊಂಡಿದ್ದಳು.

ಸುಬ್ಬರಾಯಪ್ಪ ಎದ್ದು ಪಂಚೆ ಸರಿಮಾಡಿಕೊಂಡರು.

"ನಿನ್ನ ಆಟ ನಿಲ್ಲಿಸ್ಬೇಡಮ್ಮ," ಎಂದರು ಅವರು. "ಆಮೇಲೆ ನನಗೂ ಅಂಥದ್ದೊಂದು ಕನ್ನಡಕ ಆರಿಸ್ಕೊಡು. ಮುಂದಿನ ಸಲ ಕಾಯಿ ಇಳಿಸೋಕೆ ನಾನೇ ಮರ ಹತ್ತೋದು. ಇವನನ್ನ ನಂಬೋಕಾಗಲ್ಲ."