ಜುಟ್ಟು ಕೆಂಪಾಗದ ಹೇಂಟೆ

"ಆ ಮೊಟ್ಟೆ ಮುಟ್ಬೇಡ ಮಗಳೇ. ಅದು ಅದರದ್ದಲ್ಲ."

ಪಕ್ಕದ ಮನೆಯ ಪೌನಜ್ಜ ಬೇಲಿಯಾಚೆಯಿಂದ ಹೀಗೆಂದಾಗ ಡೆಸಾಂಕಾ ಕೋಳಿಗೂಡಿನೊಳಗೆ ಅರ್ಧ ಮೈ ತೂರಿಸಿದ್ದಳು. ಒದ್ದೆ ಹುಲ್ಲು, ಹಿಕ್ಕೆಗಳ ಕಟು ವಾಸನೆ ಮೂಗಿಗೆ ಅಡರುತ್ತಿತ್ತು. ಕತ್ತಲ ಮೂಲೆಯಲ್ಲಿ ಅವಳ ಎಳೇ ಹೇಂಟೆ ನಡುಗುತ್ತ ಕೂತಿತ್ತು. ಮೂರು ದಿನದಿಂದ ಹೀಗೇ. ಚಳಿಯಿಲ್ಲ, ಗಾಯವಿಲ್ಲ, ಕುತ್ತಿಗೆಯಿಂದ ಬಾಲದವರೆಗೆ ಒಂದೇ ಸಮ ಅದುರು. ಪಶುವೈದ್ಯ ಬಂದು ಕಣ್ಣು, ಕಾಲು, ಗಂಟಲು ನೋಡಿ, ಏನೂ ತಿಳಿಯದೆ ಒಂದು ಸೀಸೆ ಔಷಧಿ ಕೊಟ್ಟು ಹೋಗಿದ್ದ. ಈಗ ನೋಡಿದರೆ ಅದರ ಹೊಟ್ಟೆಯಡಿ ಒಂದು ಮೊಟ್ಟೆ!

"ಮತ್ಯಾರದ್ದು ಅಜ್ಜ, ನಿಮ್ಮದಾ?"

ಅಜ್ಜ ನಗಲಿಲ್ಲ. ಎರಡೂ ಕೈ ಕೋಟಿನ ಜೇಬಿನಲ್ಲಿಟ್ಟು ನಿಂತಿದ್ದ. "ಜುಟ್ಟು ನೋಡು, ಇನ್ನೂ ಬಿಳಿಚಿಕೊಂಡಿದೆ. ಜುಟ್ಟು ಕೆಂಪಾಗದೆ ಹೇಂಟೆ ಮೊಟ್ಟೆ ಇಡತ್ತಾ? ಯಾರೋ ಇಟ್ಟಿದ್ದು. ಕೋಳಿ ಕತ್ತು ಮುರಿದು ಎರಡನ್ನೂ ಹೊಳೆಗೆ ಬಿಟ್ಬಿಡು. ಬರಿಗೈಲಿ ಮಾತ್ರ ಮುಟ್ಬೇಡ."

"ನಿಮ್ಮೂರಲ್ಲಿ ಹಾಲು ಒಡೆದ್ರೂ ಮಾಟ, ಕೋಳಿ ನಡುಗಿದ್ರೂ ಮಾಟ! ನನ್ನ ಹೇಂಟೆ ಕತ್ತು ಯಾರೂ ಮುರಿಯಲ್ಲ."

ಬೆಲ್‌ಗ್ರೇಡ್ ಬಿಟ್ಟು ಮ್ಲಾವಾ ಹೊಳೆಯ ಈ ಹಳ್ಳಿಗೆ ಬಂದು ಅವಳು ಕ್ಷೌರದಂಗಡಿ ತೆರೆದಾಗ, ಹೆಂಗಸಿನ ಕತ್ತಿಗೆ ಕತ್ತು ಕೊಡುವವರಾರು ಎಂದು ಊರೇ ನಕ್ಕಿತ್ತು. ಕೂದಲೆಳೆಯಷ್ಟೂ ಅಲುಗದ ಆ ಕೈ ಕಂಡ ಮೇಲೆ ಶನಿವಾರ ಸಾಲು ನಿಲ್ಲತೊಡಗಿತು. ಸಾಲಿನ ಮೊದಲಿಗನೇ ಪೌನಜ್ಜ. ಹೆಂಡತಿ ಸತ್ತಂದಿನಿಂದ ಅವನ ಕೈಗಳಿಗೆ ನಡುಕ. ಚಮಚವೇ ಬಾಯಿಗೆ ಮುಟ್ಟದಿರುವಾಗ ಗಡ್ಡ ಹೆರೆದುಕೊಳ್ಳುವುದೆಲ್ಲಿ ಬಂತು? ಡೆಸಾಂಕಾಗೆ ತನ್ನ ಎರಡು ಕೈಗಳೇ ಅನ್ನ. ಅವಳಿಗೆ ಅದರ ಹೆಮ್ಮೆಯೂ ಇತ್ತು.

ಬೇಕೆಂದೇ ಬರಿಗೈಯಲ್ಲಿ ಮೊಟ್ಟೆ ಎತ್ತಿಕೊಂಡಳು. ಕೋಳಿಯ ಹೊಟ್ಟೆಯಡಿ ಇದ್ದರೂ ಹೊಳೆಯ ಕಲ್ಲಿನಷ್ಟು ತಣ್ಣಗಿತ್ತು. ಕಾದ ಹಂದಿಕೊಬ್ಬಿಗೆ ಒಡೆದು ಹಾಕಿದಾಗ ಆಗಷ್ಟೇ ಆರಿದ ಮೇಣದಬತ್ತಿಯ ವಾಸನೆ ಬಂತು. ಕೆಂಪುಮೆಣಸಿನ ಪುಡಿ ಉದುರಿಸಿ, ಕಿಟಕಿಯಲ್ಲಿ ನಿಂತು, ಅಜ್ಜನಿಗೆ ಕಾಣುವಂತೆಯೇ ತಿಂದಳು.

"ರುಚಿಯಾಗಿದೆ ಅಜ್ಜ!"

ಹಿತ್ತಿಲಲ್ಲಿ ಹೇಂಟೆ ಎದ್ದು ನಿಂತಿತು. ಮೈ ಕೊಡವಿತು. ನಡುಕ ನಿಂತಿತ್ತು.

ಟಿಣ್. ಚಮಚ ತಟ್ಟೆಗೆ ಬಡಿಯಿತು. ಟಿಣ್. ಟಿಣ್. ಬಲಗೈಯನ್ನು ಎಡಗೈಯಿಂದ ಹಿಡಿದಳು. ಎಡಗೈಯೂ ಅದುರಿತು. ತಟ್ಟೆ ಜಾರಿತು. ಒಡೆಯಿತು. ಕಿಟಕಿಯಾಚೆ ಅಜ್ಜ ಇರಲಿಲ್ಲ.

ಅಂಗಡಿಗೆ ಬೀಗ ಬಿತ್ತು. ಗುಂಡಿ ಹಾಕಿಕೊಳ್ಳಲಾಗದೆ ಡೆಸಾಂಕಾ ಸಿಟ್ಟಿನಿಂದ ಅತ್ತಳು.

ಮುಂದಿನ ಶನಿವಾರ ಬೆಳಿಗ್ಗೆ ಪೌನಜ್ಜನೇ ಬಂದ. ಅವನ ಕೆನ್ನೆ ನುಣ್ಣಗಿತ್ತು.

"ಯಾರು ಹೆರೆದಿದ್ದು?"

"ನಾನೇ." ಅವನು ತಲೆ ತಗ್ಗಿಸಿದ. "ಸಾಯೋದ್ರೊಳಗೆ ಒಂದ್ಸಲ ನನ್ನ ಹೆಂಡ್ತಿ ಗೋರಿ ಮೇಲೆ ನಾನೇ ದೀಪ ಹಚ್ಬೇಕಿತ್ತು ಮಗಳೇ. ಸ್ವಂತ ಕೋಳಿಗೆ ಈ ಮಾಟ ಹತ್ತಲ್ಲ, ಅದಕ್ಕೇ ನನ್ನ ನಡುಕಾನ ಮೊಟ್ಟೆಗಿಳಿಸಿ ನಿನ್ನ ಗೂಡಲ್ಲಿಟ್ಟೆ. ಕೋಳಿ ಜೊತೆ ಹೋಗ್ಲಿ ಅಂತ. ನಿನಗೆ ಹೇಳ್ದೆ. ನೀನು ಕೇಳ್ಲಿಲ್ಲ."

ಮೇಜಿನ ಮೇಲೆ ಪುಟ್ಟದೊಂದು ಮೊಟ್ಟೆಯಿತ್ತು. ಹೇಂಟೆಯ ಜುಟ್ಟು ಕೆಂಪಾಗಿ, ಅಂದು ಬೆಳಿಗ್ಗೆ ಇಟ್ಟ ಮೊದಲ ಮೊಟ್ಟೆ. ಅಜ್ಜನ ಕಣ್ಣು ಅಲ್ಲೇ ನೆಟ್ಟಿತು.

"ಮಾಟಕ್ಕೆ ಮೊದಲ ಮೊಟ್ಟೆಗಿಂತ ಬಲವಾದದ್ದಿಲ್ಲ. ಕೈ ಮೇಲೆ ಮೂರು ಸಲ ಉರುಳಿಸು, ಮಂತ್ರ ನಾನು ಹೇಳ್ಕೊಡ್ತೀನಿ. ಗಿರಣಿಯವನ ಗೂಡಲ್ಲಿಟ್ಟು ಬಾ."

"ಅವನಿಗೆ ಮೂರು ಮಕ್ಕಳು."

"ತಿಂದ್ರೆ ತಾನೇ?"

ಡೆಸಾಂಕಾ ಮೊಟ್ಟೆ ಎತ್ತಿಕೊಂಡಳು. ಬೆಚ್ಚಗಿತ್ತು. ಆಸೆಯಾಯಿತು. ಮೂರೇ ಸಲ. ಯಾರಿಗೂ ಗೊತ್ತಾಗದು. ಕೈ ನಡುಗಿತು. ಮೊಟ್ಟೆ ನಡುಗಿತು. ಬಾಣಲೆಯ ಅಂಚಿಗೆ ಬಡಿದಳು. ಒಡೆದಳು. ಚಿಪ್ಪಿನ ಚೂರುಗಳ ಸಮೇತ ಬೇಯಿಸಿ, ಅರ್ಧ ಚೆಲ್ಲುತ್ತ, ಅವನೆದುರೇ ತಿಂದು ಮುಗಿಸಿದಳು.

"ಹುಚ್ಚೀ! ಮೊದಲ ಮೊಟ್ಟೆನೇ ತಿಂದೆ, ಇನ್ನು ಈ ನಡುಕ ನಿನ್ನ ಬಿಡಲ್ಲ!"

"ಬಿಡದಿದ್ರೆ ಇರ್ಲಿ. ನನ್ನಿಂದ ಮುಂದಕ್ಕೆ ಹೋಗಲ್ಲ."

ಅವಳು ಅಂಗಡಿಯ ಬಾಗಿಲು ಹಾರುಹೊಡೆದಳು. ಕುರ್ಚಿ ತಿರುಗಿಸಿದಳು. ಕತ್ತಿ ಬಿಚ್ಚಿದಳು. ಅಲಗಿನ ಬೆಳಕು ಗೋಡೆಯ ತುಂಬ ಕುಣಿಯಿತು.

"ಎಡಗಿವಿ ಹಿಂದೆ ಬಿಟ್ಟಿದ್ದೀರಿ ಅಜ್ಜ. ಕೂತ್ಕೊಳ್ಳಿ."

"ಬೇಡ ಮಗಳೇ..."

"ಈ ಕೈಗೆ ಮತ್ತೆ ಕೆಲಸ ಕಲಿಸ್ಬೇಕು. ಕಲಿಯೋವರೆಗೂ ನಿಮ್ಮ ಕತ್ತೇ. ಪ್ರತಿ ಶನಿವಾರ."

ತಪ್ಪು ಮಾಡಿದವನು ಎಲ್ಲಿಗೆ ಹೋದಾನು? ಪೌನಜ್ಜ ಕೂತ. ನೊರೆಯ ತಂಪು ಕಿವಿಯ ಹಿಂದೆ ಹರಡಿತು. ಅದುರುವ ಅಲಗು ಚರ್ಮಕ್ಕೆ ತಾಗಿತು. ಕುರ್ಚಿಯ ತೋಳಿನ ಮೇಲೆ ಅವನ ಕೈಗಳು ಭಯಕ್ಕೆ ಗಡಗಡ ನಡುಗತೊಡಗಿದವು.

"ಅಲುಗಾಡ್ಬೇಡಿ," ಎಂದಳು ಡೆಸಾಂಕಾ.