ಅಜ್ಜಿಗೆ ಜಾಗವಿಲ್ಲದ ಸೈಟು

"ಗುಲಾಬಿ ಹೂವಿಂದೇ ಇರ್ಲಿ ಅಪ್ಪಾ, ಇದನ್ನೇ ಕಳಿಸೋಣ, ಪ್ಲೀಸ್," ಎಂದಳು ನಯನ. ಅವಳ ಕೈ ಮೌಸ್ ಬಿಟ್ಟು ಅಲ್ಲಾಡಿರಲಿಲ್ಲ.

ಅಪ್ಪ ರುದ್ರಮೂರ್ತಿ ಯಾರದೋ ಪಾಸ್‌ಪೋರ್ಟ್ ಸೈಜ್ ಫೋಟೋ ಕತ್ತರಿಸುತ್ತಿದ್ದ. "ನಿಂಗ್ಯಾವ್ದು ಚೆನ್ನಾಗೈತೆ ಅನ್ಸುತ್ತೋ ಅದೇ ಆಗ್ಲಿ ಪುಟ್ಟಿ. ಸಂಜೆ ಒಳಗೆ ಕಳಿಸಿದ್ರೆ ಸಾಕು," ಅಂದ.

ಅಜ್ಜಂಪುರದ ಬಸ್ ಸ್ಟ್ಯಾಂಡ್ ಹತ್ತಿರದ ಆ ಪುಟ್ಟ ಸ್ಟುಡಿಯೋ ಶುರುವಾಗಿ ಇನ್ನೂ ಒಂದು ವರ್ಷ ತುಂಬಿರಲಿಲ್ಲ. ಅದಕ್ಕೂ ಮೊದಲು ಅಪ್ಪ ಕಡೂರಿನ ಒಂದು ದೊಡ್ಡ ಸ್ಟುಡಿಯೋದಲ್ಲಿದ್ದ. ಮದುವೆಮನೆಗಳಲ್ಲಿ ನಿಂತು ನಿಂತು ಕಾಲು ಊದಿಸಿಕೊಳ್ಳುತ್ತಿದ್ದವನು ಅಪ್ಪ, ಆಲ್ಬಮ್ಮಿನ ಮೇಲೆ ಹೊಳೆಯುತ್ತಿದ್ದದ್ದು ಆ ಸ್ಟುಡಿಯೋ ಹೆಸರು. ಈಗ ಅವನ ಸ್ವಂತ ಹೆಸರಿಗೆ ಮೊದಲನೇ ದೊಡ್ಡ ಮದುವೆ ಸಿಗುವ ಹಾಗಿತ್ತು.

ಮದುವೆ ಲಕ್ಕವಳ್ಳಿಯ ಧನ್ಯಶ್ರೀ ಅನ್ನುವವರದ್ದು. ಗುರುವಾರ ಅವರೇ ಫೋನ್ ಮಾಡಿದ್ದರು. ಅಪ್ಪ ತೆಗೆದ ಫೋಟೋ, ವಿಡಿಯೋ ಎಲ್ಲಾ ಒಂದೇ ಲಿಂಕಿನಲ್ಲಿ ಬೇಕಂತೆ. ಇವತ್ತು, ಭಾನುವಾರ ಸಂಜೆ ಮನೆಯವರೆಲ್ಲ ಕೂತು ನೋಡಿ ತೀರ್ಮಾನ ಮಾಡುತ್ತಾರಂತೆ. ಇನ್ನಿಬ್ಬರು ಫೋಟೋಗ್ರಾಫರ್‌ಗಳ ಲಿಂಕ್ ಆಗಲೇ ಬಂದಿದೆಯಂತೆ. ಅಪ್ಪನ ಹತ್ತಿರ ದಿಂಬಿನಷ್ಟು ದಪ್ಪದ ಆಲ್ಬಮ್ ಇತ್ತು, ಲಿಂಕ್ ಮಾತ್ರ ಇರಲಿಲ್ಲ.

ಐದನೇ ಕ್ಲಾಸಿನ ನಯನ ಆ ಜವಾಬ್ದಾರಿಯನ್ನು ಮೈಮೇಲೆ ಎಳೆದುಕೊಂಡಳು. ಫೋಟೋಗ್ರಾಫರ್‌ಗಳಿಗೆಂದೇ ವೆಬ್‌ಸೈಟ್ ಮಾಡಿಕೊಡುವ ಮೂರು ಕಂಪನಿ ಸಿಕ್ಕವು. ಮೊದಲನೆಯದರಲ್ಲಿ ಫೋಟೋ ಬದಲಾದಾಗಲೆಲ್ಲ ಗುಲಾಬಿ ಎಸಳು ಉದುರುತ್ತಿತ್ತು. ಉಳಿದೆರಡನ್ನು ಅವಳು ಸರಿಯಾಗಿ ನೋಡಲೂ ಇಲ್ಲ. ಎರಡು ದಿನ ಕೂತು ನಾಮಕರಣ, ಗೃಹಪ್ರವೇಶ ಅಂತ ನಲವತ್ತೆರಡು ಫೋಟೋ ಜೋಡಿಸಿದಳು.

ಆದರೆ ಶನಿವಾರ ಅವಳಿಗೊಂದು ವಿಷಯ ಗೊತ್ತಾಗಿತ್ತು. ಆ ಸೈಟಿನಲ್ಲಿ ವಿಡಿಯೋ ಹಾಕಲು ಬರುವುದಿಲ್ಲ. ಎಲ್ಲ ಬಟನ್ ಒತ್ತಿ ನೋಡಿದಳು. ಕೊನೆಗೆ ಒಂದು ಮೂಲೆಯಲ್ಲಿ ಇರುವೆಯಷ್ಟು ಸಣ್ಣ ಅಕ್ಷರದಲ್ಲಿ ಬರೆದಿತ್ತು, ಫೋಟೋ ಮಾತ್ರ ಎಂದು. ಈಗೇನು, ಎಲ್ಲಾ ಮೊದಲಿಂದ ಮಾಡಬೇಕಾ? ಎಸಳುಗಳನ್ನು ಬಿಡಬೇಕಾ? ನಯನಳಿಗೆ ಅಳು ಬಂತು. ಅಪ್ಪನಿಗೆ ಹೇಳಲಿಲ್ಲ.

ಅಪ್ಪನ ಹತ್ತಿರ ಇದ್ದ ಒಳ್ಳೆಯ ವಿಡಿಯೋ ಒಂದೇ. ಶಿವನಿಯಲ್ಲಿ ನೆಂಟರ ಮದುವೆಯ ಅರಿಶಿನ ಶಾಸ್ತ್ರದ್ದು. ಮದುಮಗಳ ಸುತ್ತ ಒಂಬತ್ತು ಜನ ಹೆಂಗಸರು ಕೂತು ಸೋಬಾನೆ ಹಾಡಿದ್ದರು. ಹಾಡಿನ ಸಾಲು ಎತ್ತಿಕೊಟ್ಟವಳು ನಯನಳ ಅಜ್ಜಿ ಸಾವಿತ್ರಮ್ಮ. ಅಪ್ಪ ಮೊಣಕಾಲೂರಿ ಕೂತು, ಕ್ಯಾಮೆರಾ ಒಂದಿಷ್ಟೂ ಅಲುಗಿಸದೆ ಇಡೀ ಹಾಡು ಹಿಡಿದಿದ್ದ. ನಯನ ಅದರಿಂದ ಒಂದು ಫೋಟೋ ಮಾತ್ರ ತೆಗೆದು, ನಲವತ್ಮೂರನೆಯದು ಮಾಡಿ, ಸೈಟಿಗೆ ಹಾಕಿ ಸುಮ್ಮನಾಗಿದ್ದಳು. ಅಷ್ಟುದ್ದದ ವಿಡಿಯೋ ಯಾರು ನೋಡುತ್ತಾರೆ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಿದ್ದಳು.

ಪಕ್ಕದ ವಾಚ್ ರಿಪೇರಿ ಅಂಗಡಿಯ ಮುನೀರ್ ಪಾಷಾರ ಮಗಳು ಅತೀಯಾ ಅಷ್ಟು ಹೊತ್ತಿಗೆ ಬಂದಳು. ಅವಳೂ ನಯನಳ ಕ್ಲಾಸೇ. ಒಂದೊಂದೇ ಫೋಟೋ ನೋಡಿ ಸೂಪರ್, ಸೂಪರ್ ಅನ್ನುತ್ತಾ ಬಂದವಳು ಕೊನೆಯದಕ್ಕೆ ನಿಂತಳು.

"ಇವ್ರೆಲ್ಲಾ ಯಾಕೇ ಆಕಳಿಸ್ತಿದಾರೆ?"

ನಯನ ಬಗ್ಗಿ ನೋಡಿದಳು. ನಿಜವೇ. ಒಂಬತ್ತು ಜನ, ಒಂಬತ್ತು ತೆರೆದ ಬಾಯಿ. ಎಲ್ಲರಿಗಿಂತ ದೊಡ್ಡ ಬಾಯಿ ಅಜ್ಜಿಯದ್ದು. ಅತೀಯಾಳಿಗೆ ನಗು ತಡೆಯಲಾಗಲಿಲ್ಲ. ನಯನಳ ಕಿವಿ ಬಿಸಿಯಾಯಿತು.

ಮಧ್ಯಾಹ್ನ ಊಟಕ್ಕೆ ಮನೆಗೆ ಹೋದರೆ ಅಲ್ಲಿ ಇನ್ನೊಂದು ಕತೆ. ಮಗ ಸೈಟು ಮಾಡಿಸುತ್ತಿದ್ದಾನೆ ಅನ್ನುವ ಮಾತು ಅಜ್ಜಿಯ ಕಿವಿಗೆ ಬಿದ್ದಿತ್ತು. ಸೈಟು ಎಂದರೆ ಅಜ್ಜಿಗೆ ಒಂದೇ, ಮನೆ ಕಟ್ಟುವ ಸೈಟು. ಎದುರುಮನೆ ಗುರುಶಾಂತಮ್ಮನಿಗೂ ಹೇಳಿದ್ದಳು, ಅವರು ಸಿಹಿ ಕೇಳಿಕೊಂಡು ಬಂದುಹೋಗಿದ್ದರು. ಈಗ ಅಜ್ಜಿ ರೊಟ್ಟಿ ಬಡಿಸುತ್ತಾ ಒಂದೊಂದೇ ಪ್ರಶ್ನೆ ಕೇಳತೊಡಗಿದಳು. ಮೂವತ್ತು ನಲವತ್ತಾ? ಮೂಲೆ ಸೈಟಾ? ಖಾತೆ ಯಾರ ಹೆಸರಿಗೆ?

"ಖಾತೆ ಅಪ್ಪನ ಹೆಸರಲ್ಲೈತೆ ಅಜ್ಜಿ. ಪಾಸ್‌ವರ್ಡ್ ನನ್ನತ್ರ ಐತೆ," ಎಂದು ನಯನ ನಕ್ಕಳು. ಇದು ನೆಲದ ಸೈಟಲ್ಲ, ಕಂಪ್ಯೂಟರಿನದು, ಅಪ್ಪ ತೆಗೆದ ಫೋಟೋದಲ್ಲಿರುವ ಜನರೆಲ್ಲ ಅದರಲ್ಲಿ ಇರುತ್ತಾರೆ ಎಂದು ಬಿಡಿಸಿ ಹೇಳಿದಳು.

ಅಜ್ಜಿಗೆ ಎಷ್ಟು ಅರ್ಥವಾಯಿತೋ ಏನೋ. ಇನ್ನೊಂದು ರೊಟ್ಟಿ ಹಾಕಿ ಕೇಳಿದಳು, "ಹಂಗಾರೆ ಅದ್ರಾಗೆ ನಂಗೂ ಒಂದು ಜಾಗ ಐತೇನವ್ವಾ? ಶಿವನೀಲಿ ಹಾಡಿದ್ನಲ್ಲ, ಅದು?"

ನಯನ ಕೈಯಲ್ಲಿದ್ದ ತುತ್ತನ್ನು ತಟ್ಟೆಗೇ ಬಿಟ್ಟಳು. ಅಜ್ಜಿ ಕೇಳಿದ್ದು ಆಕಳಿಸುವ ಫೋಟೋವನ್ನಲ್ಲ. ಅರ್ಧ ಊಟಕ್ಕೇ ಎದ್ದು ಕೈತೊಳೆದುಕೊಂಡು ಸ್ಟುಡಿಯೋಗೆ ಓಡಿದಳು.

"ಅಪ್ಪಾ, ಆ ಸೈಟಲ್ಲಿ ವಿಡಿಯೋ ಹಾಕಕ್ಕಾಗಲ್ಲ," ಅಂದಳು ಏದುಸಿರು ಬಿಡುತ್ತಾ.

ಅಪ್ಪ ಕತ್ತರಿ ಕೆಳಗಿಟ್ಟ. "ಯಾವಾಗ ಗೊತ್ತಾಯ್ತು?"

"ನಿನ್ನೆ. ನಿಂಗೆ ಬೇಜಾರಾಗುತ್ತೆ ಅಂತ ಹೇಳ್ಲಿಲ್ಲ." ತಾನೇ ತಿದ್ದಿಕೊಂಡಳು. "ಅಲ್ಲ. ಆ ಗುಲಾಬಿ ಬಿಡಕ್ಕೆ ನಂಗೇ ಬೇಜಾರಾಗ್ತಿತ್ತು."

ಅಪ್ಪ ಬೈಯುತ್ತಾನೆ ಅಂದುಕೊಂಡಿದ್ದಳು. ಅವನು ಗೋಡೆಯ ಗಡಿಯಾರ ನೋಡಿ, ಕುರ್ಚಿ ಎಳೆದುಕೊಂಡು ಅವಳ ಪಕ್ಕ ಕೂತ. "ಉಳಿದೆರಡು ತೆಗಿ. ಮೊದ್ಲು ಹಾಡು ಪೂರ್ತಿ ಓಡುತ್ತಾ ನೋಡಾಣ. ಬಣ್ಣ ಗಿಣ್ಣ ಆಮೇಲೆ," ಅಂದ.

ಎರಡನೇ ಕಂಪನಿ ವಿಡಿಯೋ ತೆಗೆದುಕೊಂಡಿತು, ಆದರೆ ಸರಿಯಾಗಿ ಒಂದು ನಿಮಿಷಕ್ಕೆ ಕತ್ತರಿಸಿಬಿಟ್ಟಿತು. ಅಜ್ಜಿಯ ಸೋಬಾನೆಗೆ ಒಂದು ನಿಮಿಷ ಎಲ್ಲಿ ಸಾಕು? ಅಷ್ಟರಲ್ಲಿ ಅವಳಿನ್ನೂ ಹಾಡಿನ ಶುರುವಿನ ದೇವರುಗಳಿಗೆಲ್ಲ ಕೈಮುಗಿದು ಮುಗಿಸಿರುವುದಿಲ್ಲ. ಮೂರನೆಯದು ಬರೀ ಬಿಳಿ. ಹೂವಿಲ್ಲ, ಎಸಳಿಲ್ಲ, ಪರೀಕ್ಷೆಯ ಪೇಪರಿನ ಹಾಗೆ. ಆದರೆ ಇಡೀ ಹಾಡನ್ನು ತೆಗೆದುಕೊಂಡಿತು.

ತೆಗೆದುಕೊಳ್ಳಲು ಒಂದು ಗಂಟೆ ಹತ್ತು ನಿಮಿಷ ಹಿಡಿಯಿತು ಅನ್ನುವುದು ಬೇರೆ ಮಾತು. ನೆಟ್‌ವರ್ಕ್ ಬರುತ್ತಿತ್ತು, ಹೋಗುತ್ತಿತ್ತು. ಅಷ್ಟರಲ್ಲಿ ಅತೀಯಾ ಮತ್ತು ನಯನ ಸೇರಿ, ಆಕಳಿಸುವುದೊಂದನ್ನು ಬಿಟ್ಟು, ಉಳಿದ ಫೋಟೋಗಳನ್ನು ಹೊಸ ಸೈಟಿಗೆ ಸಾಗಿಸಿದರು. ಮುನೀರ್ ಪಾಷಾರ ಹಳೇ ಫೋನಿನಲ್ಲೂ ವಿಡಿಯೋ ನಿಲ್ಲದೆ ಓಡುತ್ತದೆ ಎಂದು ನೋಡಿಕೊಂಡ ಮೇಲೆಯೇ ಅಪ್ಪ ಲಿಂಕ್ ಕಳಿಸಿದ್ದು. ಆಗ ಐದೂಮುಕ್ಕಾಲು.

ಆಮೇಲೆ ಫೋನಿಗಾಗಿ ಕಾಯುವುದಷ್ಟೇ ಉಳಿಯಿತು. ಅಪ್ಪ ಗುಡಿಸಿದ ಜಾಗವನ್ನೇ ಮತ್ತೆ ಗುಡಿಸಿದ. ಏಳು ಗಂಟೆಗೆ ಫೋನ್ ಬಂತು. ಅಪ್ಪ ಹೂಂ ಹೂಂ ಅನ್ನುತ್ತಾ ಎದ್ದು ನಿಂತ. ಆಮೇಲೆ ಅವನ ಮುಖವೆಲ್ಲ ನಗುವಾಯಿತು. ಆಮೇಲೆ ಯಾಕೋ ತಲೆ ಕೆರೆದುಕೊಂಡ.

ಹಾಡನ್ನು ಮೂರು ಸಲ ನೋಡಿದರಂತೆ. ಮದುವೆಗೆ ಅಪ್ಪನೇ ಬರಬೇಕಂತೆ. "ಕೊನೇಲಿ ಒಬ್ರು ಗಂಡಸಿನ ದನಿ ಕೇಳ್ಸುತ್ತಲ್ಲ, ಅದು ಯಾರು ಅಂತ ಕೇಳಿದ್ರು," ಎಂದ ಅಪ್ಪ. "ಅದೊಂದು ಕಟ್ ಮಾಡಿಬಿಡು ಪುಟ್ಟಿ. ನಾಚಿಕೆ ಆಗುತ್ತೆ."

ನಯನ ಹೆಡ್‌ಫೋನ್ ಹಾಕಿಕೊಂಡು ವಿಡಿಯೋವನ್ನು ಕೊನೆಗೆ ಎಳೆದಳು. ಅಜ್ಜಿಯ ದನಿ ಏರಿ ಇಳಿಯುತ್ತಿತ್ತು. ಉಳಿದವರ ದನಿ ಅದರ ಹಿಂದೆ. ಎಲ್ಲರ ಹಿಂದೆ, ಕ್ಯಾಮೆರಾಕ್ಕೆ ತೀರ ಹತ್ತಿರದಲ್ಲಿ, ಇನ್ನೊಂದು ದನಿ. ಪದ ಪೂರ್ತಿ ಬರದೆ, ರಾಗ ಮಾತ್ರ ಹಿಡಿದು, ಅಮ್ಮನ ಜೊತೆ ಗುನುಗುವ ಒಬ್ಬ ಮಗನ ದನಿ.

ನಲವತ್ತೆರಡು ಫೋಟೋಗಳಲ್ಲಿ ಊರಿನ ಜನರೆಲ್ಲ ಇದ್ದರು. ಅಪ್ಪ ಒಂದರಲ್ಲೂ ಇರಲಿಲ್ಲ. ಇಲ್ಲಿದ್ದ.

"ಕಟ್ ಮಾಡಿದ್ಯಾ?" ಅಪ್ಪ ಬಾಗಿಲಿಗೆ ಬೀಗ ಹುಡುಕುತ್ತಾ ಕೇಳಿದ.

"ಇಲ್ಲ ಅಪ್ಪಾ," ಎಂದಳು ನಯನ. ಆ ಕೊನೆಯ ಭಾಗವನ್ನು ಇನ್ನೊಂದು ಸಲ ಹಿಂದಕ್ಕೆ ಎಳೆದು ಕೇಳಿದಳು.